ರಸಾಯನಶಾಸ್ತ್ರದ ಬೇಸಿಗೆ ನವೆಂಬರ್‌ನಲ್ಲೇ ಶುರುವಾಗುತ್ತದೆ

ಏಪ್ರಿಲ್ ಬಂತೆಂದರೆ ಪದವಿ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: ‘ಸರ್, ರಜೆಯಲ್ಲಿ ಎಲ್ಲಾದರೂ ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು, ಸ್ಟೈಪೆಂಡ್ ಸಿಗುವಂಥದ್ದು ಏನಾದರೂ ಇದೆಯಾ?’ ಕೇಳುವವರು ಹೆಚ್ಚಾಗಿ ಎರಡನೇ ವರ್ಷದ ಬಿ.ಎಸ್‌ಸಿಯ ಒಳ್ಳೆಯ ವಿದ್ಯಾರ್ಥಿಗಳು. ಪ್ರಶ್ನೆ ಸರಿಯಾದದ್ದೇ, ತಿಂಗಳು ಮಾತ್ರ ತಪ್ಪು. ಹಣ ಕೊಡುವ ದೊಡ್ಡ ಯೋಜನೆಗಳ ಬಾಗಿಲು ಅಷ್ಟೊತ್ತಿಗೆ ಮುಚ್ಚಿ ನಾಲ್ಕೈದು ತಿಂಗಳಾಗಿರುತ್ತದೆ.

ಮೂರು ವರ್ಷದ ಪದವಿಯಲ್ಲಿ ಬೇಸಿಗೆಗಳು ಮೂರು. ಎರಡನೇ ಸೆಮಿಸ್ಟರ್ ಮುಗಿದಾಗಿನ ಮೊದಲ ಬೇಸಿಗೆಗೆ ಬಹುತೇಕ ಸಂಸ್ಥೆಗಳು ‘ಇನ್ನೂ ಎಳಸು’ ಎನ್ನುತ್ತವೆ. ಆರನೇ ಸೆಮಿಸ್ಟರ್ ಮುಗಿದಾಗ ನೀವು ಯಾವ ಕಾಲೇಜಿನ ವಿದ್ಯಾರ್ಥಿಯೂ ಅಲ್ಲ. ಬೊನಾಫೈಡ್ ಪ್ರಮಾಣಪತ್ರ ಕೊಡಲು ಪ್ರಾಂಶುಪಾಲರು ಹಿಂಜರಿಯುತ್ತಾರೆ, ಓದುತ್ತಿರುವವರೇ ಬೇಕೆನ್ನುವ ಯೋಜನೆಗಳು ಅರ್ಜಿಯನ್ನೇ ಪಕ್ಕಕ್ಕಿಡುತ್ತವೆ. ಕೈಯಲ್ಲಿ ಉಳಿಯುವುದು ನಾಲ್ಕನೇ ಸೆಮಿಸ್ಟರ್ ನಂತರದ ಒಂದೇ ಬೇಸಿಗೆ. ಅದಕ್ಕೆ ಅರ್ಜಿ ಹಾಕಬೇಕಾದ್ದು ಮೂರನೇ ಸೆಮಿಸ್ಟರಿನ ನಡುವೆ, ಅಕ್ಟೋಬರ್–ನವೆಂಬರ್‌ನಲ್ಲಿ. ಟೈಟ್ರೇಶನ್, ಸಾಲ್ಟ್ ಅನಾಲಿಸಿಸ್ ಬಿಟ್ಟು ಬೇರೆ ಹೆಚ್ಚೇನನ್ನೂ ಮುಟ್ಟಿರದ ಹುಡುಗ ಅಥವಾ ಹುಡುಗಿ ಆಗಲೇ ‘ನನಗೆ ಇಂಥ ಸಂಶೋಧನೆ ಬೇಕು’ ಎಂದು ಬರೆಯಬೇಕು. ಸಣ್ಣ ಊರುಗಳ ಕಾಲೇಜಿನವರು ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿಯಲ್ಲ, ಈ ಕ್ಯಾಲೆಂಡರ್ ಅವರ ಕಿವಿಗೆ ಸಕಾಲಕ್ಕೆ ಬೀಳದೆ.

ಕರ್ನಾಟಕದಲ್ಲಿ ಇದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. 2021–22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ರಾಜ್ಯ ಸರ್ಕಾರ 2024–25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಆ ನಿರ್ಧಾರದ ಸರಿತಪ್ಪು ಬೇರೆ ಚರ್ಚೆ. ರಸಾಯನಶಾಸ್ತ್ರದ ಮಟ್ಟಿಗೆ ಆದದ್ದಿಷ್ಟು: ನಾಲ್ಕನೇ ವರ್ಷದಲ್ಲಿ ಪಠ್ಯದೊಳಗೇ ಸಿಗಬಹುದಾಗಿದ್ದ ಸಂಶೋಧನಾ ಪ್ರಾಜೆಕ್ಟ್ ಹೋಯಿತು. ಪದವಿ ಮುಗಿಯುವ ಮುನ್ನ ನಿಜವಾದ ಪ್ರಯೋಗಾಲಯ ನೋಡಬೇಕೆಂದರೆ ಆ ಒಂದು ಬೇಸಿಗೆಯ ಮೇಲೇ ಕಣ್ಣಿಡಬೇಕು.

ಊಟದ ದುಡ್ಡು, ಲ್ಯಾಬಿನ ದುಡ್ಡು

ವಿದ್ಯಾರ್ಥಿವೇತನ ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ಹಣ ಅಡಗಿದೆ. ಒಂದು, ಶುಲ್ಕ, ಹಾಸ್ಟೆಲ್, ಬಸ್ ಪಾಸ್‌ಗೆ ಆಗುವ ಹಣ. ಇನ್ನೊಂದು, ಎಂಟು ವಾರ ಬೇರೊಂದು ಊರಿನ ಲ್ಯಾಬ್‌ನಲ್ಲಿ ಕೆಲಸ ಮಾಡಲು ಕೊಡುವ ಹಣ. ಮೊದಲನೆಯದನ್ನು ಮನೆಯ ಆದಾಯ, ಜಾತಿ, ಪಿಯುಸಿ ಅಂಕ ನಿರ್ಧರಿಸುತ್ತವೆ. ಎರಡನೆಯದನ್ನು ನೀವು ಬರೆದ ಇನ್ನೂರು ಪದ ಮತ್ತು ಶಿಕ್ಷಕರ ಒಂದು ಪತ್ರ ನಿರ್ಧರಿಸುತ್ತವೆ.

ಊಟದ ದುಡ್ಡಿನ ವಿಚಾರ ಬೇಗ ಹೇಳಿ ಮುಗಿಸಬಹುದು. ರಾಜ್ಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದಾಗ ವಿದ್ಯಾಸಿರಿ ಇದೆ: ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಾ ಬಂದಿದ್ದಾರೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ. ಬಿ.ಎಸ್‌ಸಿಯಂಥ ಪದವಿಗಳಿಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ಅದನ್ನು ಘೋಷಿಸಲಾಗಿತ್ತು. ಕೇಂದ್ರದ್ದು ಬೇಕೆಂದರೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್ ಮೂಲಕ ಸೆಂಟ್ರಲ್ ಸೆಕ್ಟರ್ ಯೋಜನೆ. ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇ 20ರೊಳಗೆ ಬಂದು ಕುಟುಂಬದ ಆದಾಯ 4.5 ಲಕ್ಷ ಮೀರದಿದ್ದರೆ ಪದವಿಯ ಮೂರು ವರ್ಷ ವರ್ಷಕ್ಕೆ 12,000. ಖಾಸಗಿಯವರಲ್ಲಿ ರಿಲಯನ್ಸ್ ಫೌಂಡೇಶನ್ ಆಪ್ಟಿಟ್ಯೂಡ್ ಪರೀಕ್ಷೆ ನಡೆಸಿ ಇಡೀ ಪದವಿಗೆ 2 ಲಕ್ಷದವರೆಗೆ ಕೊಡುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹುಡುಗಿಯರಿಗೆ ವರ್ಷಕ್ಕೆ 30,000 ಕೊಡುತ್ತದೆ. ರಸಾಯನಶಾಸ್ತ್ರ ಓದುವ, ಈ ಅರ್ಹತೆ ಇರುವ ಹುಡುಗಿ ಈ ಕೊನೆಯದನ್ನು ಬಿಟ್ಟರೆ ಅದು ದುಬಾರಿ ಮರೆವು. ಒಂದಕ್ಕಿಂತ ಹೆಚ್ಚು ಸರ್ಕಾರಿ ವಿದ್ಯಾರ್ಥಿವೇತನವನ್ನು ಒಟ್ಟಿಗೆ ಪಡೆಯುವುದಕ್ಕೆ ಹಲವು ಯೋಜನೆಗಳಲ್ಲಿ ಅಡ್ಡಿ ಇದೆ. ಆದ್ದರಿಂದ ಎಲ್ಲಕ್ಕೂ ಕಣ್ಣುಮುಚ್ಚಿ ಅರ್ಜಿ ಹಾಕುವ ಮೊದಲು ಯಾವುದು ದೊಡ್ಡದೆಂದು ಲೆಕ್ಕ ಹಾಕಿಕೊಳ್ಳಿ.

ಇನ್‌ಸ್ಪೈರ್: 60,000 ಬರುತ್ತದೆ, 20,000 ನಿಲ್ಲುತ್ತದೆ

ಊಟಕ್ಕೂ ಲ್ಯಾಬಿಗೂ ಒಟ್ಟಿಗೆ ಹಣ ಇಟ್ಟಿರುವ ಯೋಜನೆಯೆಂದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್. 2008ರಲ್ಲಿ ಶುರುವಾದ ಇದರ ಉನ್ನತ ಶಿಕ್ಷಣ ವಿದ್ಯಾರ್ಥಿವೇತನ ವರ್ಷಕ್ಕೆ 80,000 ರೂಪಾಯಿ. ಅದರಲ್ಲಿ 60,000 ನೇರ ವಿದ್ಯಾರ್ಥಿಗೆ, ಅಂದರೆ ತಿಂಗಳಿಗೆ 5,000ದಂತೆ. ಉಳಿದ 20,000 ಬೇಸಿಗೆ ಸಂಶೋಧನಾ ಯೋಜನೆಗೆ ಮೀಸಲು. ಮೂಲ ವಿಜ್ಞಾನದಲ್ಲೇ ಎಂ.ಎಸ್‌ಸಿ ಮುಂದುವರಿಸಿದರೆ ಒಟ್ಟು ಐದು ವರ್ಷ ಸಿಗಬಹುದು.

ಅರ್ಹತೆಯಲ್ಲಿ ಎಡವುವ ಜಾಗಗಳು ಮೂರು. ದ್ವಿತೀಯ ಪಿಯುಸಿಯಲ್ಲಿ ನಿಮ್ಮ ಮಂಡಳಿಯ ಮೇಲಿನ ಶೇ 1ರೊಳಗೆ ಇರಬೇಕು. ನೋಡುವುದು ಒಟ್ಟು ಅಂಕವನ್ನು. ರಸಾಯನಶಾಸ್ತ್ರದಲ್ಲಿ ನೂರಕ್ಕೆ ನೂರು ಬಂದು ಭಾಷೆಯಲ್ಲಿ ಜಾರಿದವರಿಗೆ ರಿಯಾಯಿತಿ ಇಲ್ಲ. ಜೆಇಇ ಅಥವಾ ನೀಟ್‌ನಲ್ಲಿ ಮೊದಲ 10,000 ರ‍್ಯಾಂಕ್ ಒಳಗಿದ್ದೂ ಮೂಲ ವಿಜ್ಞಾನ ಸೇರಿದವರಿಗೆ ಪಕ್ಕದ ಬಾಗಿಲೊಂದಿದೆ. ಆ ರ‍್ಯಾಂಕ್ ಬಂದವರು ಬಿ.ಎಸ್‌ಸಿ ಕೆಮಿಸ್ಟ್ರಿಗೆ ಬರುವುದು ಎಷ್ಟು ಅಪರೂಪ ಎಂಬುದು ಬೇರೆ ಮಾತು.

ಎರಡನೆಯದು, ಪಿಯುಸಿ ಪಾಸಾದ ವರ್ಷದಲ್ಲೇ ಪದವಿ ಸೇರಿ ಅರ್ಜಿ ಹಾಕಬೇಕು. ನೀಟ್‌ಗೆಂದು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಹೋಗಿ, ಸೀಟು ಸಿಗದೆ ಬಿ.ಎಸ್‌ಸಿಗೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಪಿಯುಸಿ ಅಂಕ ಎಷ್ಟೇ ಇರಲಿ, ಆ ಒಂದು ವರ್ಷದ ಅಂತರ ಅವರನ್ನು ಹೊರಗಿಡುತ್ತದೆ. ಮೂರನೆಯದು ವಿಷಯಗಳ ಜೋಡಣೆ. ಭೌತಶಾಸ್ತ್ರ–ರಸಾಯನಶಾಸ್ತ್ರ–ಗಣಿತ ಅಥವಾ ರಸಾಯನಶಾಸ್ತ್ರ–ಸಸ್ಯಶಾಸ್ತ್ರ–ಪ್ರಾಣಿಶಾಸ್ತ್ರ ಓದುವವರಿಗೆ ತೊಂದರೆಯಿಲ್ಲ. ಕಂಪ್ಯೂಟರ್ ಸೈನ್ಸ್ ಅಥವಾ ಬಯೋಟೆಕ್ನಾಲಜಿ ಸೇರಿದ ಕಾಂಬಿನೇಶನ್ ಮೂಲ ವಿಜ್ಞಾನದ ಪಟ್ಟಿಯೊಳಗೆ ಬರುವುದಿಲ್ಲ. ಕಾಲೇಜು ಸೇರುವಾಗ ‘ಕಂಪ್ಯೂಟರ್ ಇದ್ದರೆ ಕೆಲಸ ಸಿಗುತ್ತೆ’ ಎಂದು ಮಾಡಿದ ಆಯ್ಕೆಗೆ ಇಂಥ ಬೆಲೆಯೂ ಇದೆ ಎಂದು ಆ ಹೊತ್ತಿನಲ್ಲಿ ಹೇಳುವವರಿರುವುದಿಲ್ಲ.

ಆಯ್ಕೆಯಾದ ಮೇಲೂ ಹಣ ಸಿಕ್ಕಿಹಾಕಿಕೊಳ್ಳುವುದುಂಟು. ಇನ್‌ಸ್ಪೈರ್ ಹಣ ತಿಂಗಳು ತಿಂಗಳು ಬರುವುದಿಲ್ಲ, ವರ್ಷದ ಮೊತ್ತ ಒಟ್ಟಿಗೆ ಬರುತ್ತದೆ. ಪ್ರೌಢಶಾಲೆಯಲ್ಲಿದ್ದಾಗ ಪೂರ್ಣ ಕೆವೈಸಿ ಇಲ್ಲದೆ ತೆರೆದ ‘ಸ್ಮಾಲ್ ಅಕೌಂಟ್’ ಇನ್ನೂ ಹಾಗೇ ಇದ್ದರೆ ಅದರಲ್ಲಿ ಯಾವ ಹೊತ್ತಿಗೂ 50,000ಕ್ಕಿಂತ ಹೆಚ್ಚು ಶಿಲ್ಕು ಇರುವಂತಿಲ್ಲ. 60,000 ಬಂದು ಬಾಗಿಲು ಬಡಿದು ವಾಪಸ್ ಹೋಗುತ್ತದೆ. ಬ್ಯಾಂಕಿಗೆ ಹೋಗಿ ಪೂರ್ಣ ಕೆವೈಸಿ ಮಾಡಿಸಿ, ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿಸಿಕೊಳ್ಳುವುದು ಅರ್ಧ ದಿನದ ಕೆಲಸ.

ಆ 20,000ದ್ದು ಬೇರೆಯೇ ಕಥೆ. ಯೋಜನೆ ಮುಗಿಸಿದ ವರದಿ ಮತ್ತು ಮಾರ್ಗದರ್ಶಕರ ಪ್ರಮಾಣಪತ್ರ ಪೋರ್ಟಲ್‌ಗೆ ಏರದೆ ಆ ಹಣ ಅಲುಗುವುದಿಲ್ಲ. ಕೇಂದ್ರೀಯ ಸಂಸ್ಥೆಯಲ್ಲಿ ಓದುವ ಇನ್‌ಸ್ಪೈರ್ ವಿದ್ಯಾರ್ಥಿಗೆ ಇದು ಸಮಸ್ಯೆಯೇ ಅಲ್ಲ. ಕಾರಿಡಾರಿನ ಆಚೆ ಕೋಣೆಯಲ್ಲೇ ಸಂಶೋಧಕರಿದ್ದಾರೆ. ತಾಲ್ಲೂಕು ಕೇಂದ್ರದ ಕಾಲೇಜಿನ ವಿದ್ಯಾರ್ಥಿ ಮಾತ್ರ 60,000 ಬಂದ ಖುಷಿಯಲ್ಲಿ ಇದನ್ನು ಮರೆಯುತ್ತಾನೆ, ಅಥವಾ ಯಾರನ್ನು ಕೇಳಬೇಕೆಂದು ತಿಳಿಯದೆ ಬಿಟ್ಟುಬಿಡುತ್ತಾನೆ.

ಮೊತ್ತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇನ್‌ಸ್ಪೈರ್ ಶುರುವಾದಾಗ ಪಿಎಚ್.ಡಿ ವಿದ್ಯಾರ್ಥಿಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 12,000 ಇತ್ತು. ಅದು 16,000, 25,000, 31,000 ಎಂದು ಏರುತ್ತಾ 2023ರಿಂದ 37,000 ಆಗಿದೆ. ಪದವಿ ವಿದ್ಯಾರ್ಥಿಯ 5,000 ಮಾತ್ರ ಕಲ್ಲಿನಂತೆ ನಿಂತಿದೆ. ಸಂಶೋಧಕರ ಸಂಘಟನೆಗಳು ದೆಹಲಿಯಲ್ಲಿ ಧರಣಿ ಕೂತು ಜೆಆರ್‌ಎಫ್ ಏರಿಸಿಕೊಂಡವು. ಹತ್ತೊಂಬತ್ತು ವರ್ಷದ ಬಿ.ಎಸ್‌ಸಿ ಹುಡುಗರ ಪರವಾಗಿ ಧರಣಿ ಕೂರುವವರಿಲ್ಲ.

1999ರಿಂದ ಬೆಂಗಳೂರಿನ ಐಐಎಸ್‌ಸಿ ನಡೆಸಿಕೊಂಡು ಬಂದಿದ್ದ ಕೆವಿಪಿವೈ ಎಂಬ ವಿದ್ಯಾರ್ಥಿವೇತನ ಇದಕ್ಕಿಂತ ಬೇರೆ ಬಗೆಯದಾಗಿತ್ತು. ಪಿಯುಸಿ ಅಂಕದ ಬದಲು ಆಪ್ಟಿಟ್ಯೂಡ್ ಪರೀಕ್ಷೆಯಿಂದ ಆಯ್ಕೆ. ಪದವಿಯಲ್ಲಿ ತಿಂಗಳಿಗೆ 5,000, ಜೊತೆಗೆ ವರ್ಷಕ್ಕೆ 20,000 ಆಕಸ್ಮಿಕ ವೆಚ್ಚದ ಹಣ. 2022ರಲ್ಲಿ ಅದನ್ನು ಇನ್‌ಸ್ಪೈರ್‌ನೊಳಗೆ ಕರಗಿಸಲಾಯಿತು. ಪರೀಕ್ಷೆ ನಿಂತಿತು. ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಾರದಿದ್ದರೂ ವಿಜ್ಞಾನದಲ್ಲಿ ಚುರುಕಾಗಿದ್ದವರಿಗೆ ಇದ್ದ ದಾರಿ ಹೀಗೆ ಮುಚ್ಚಿತು. ಅಂಥವರಿಗೆ ಈಗ ಉಳಿದಿರುವುದು ಬೇಸಿಗೆ ಯೋಜನೆಗಳೇ.

ಯಾವ ಬಾಗಿಲು ಯಾರಿಗೆ

ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ ಮತ್ತು ಪ್ರಯಾಗರಾಜ್‌ನ ನಾಸಿ, ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್ ಸಾಮಾನ್ಯ ಕಾಲೇಜಿನ ವಿದ್ಯಾರ್ಥಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದೇ ಅರ್ಜಿ. ದೇಶದ ನಾನಾ ಸಂಸ್ಥೆಗಳ ವಿಜ್ಞಾನಿಯೊಬ್ಬರ ಬಳಿ ಎಂಟು ವಾರ, ಮಾಸಿಕ ಫೆಲೋಶಿಪ್, ಪ್ರಯಾಣ ವೆಚ್ಚ. ಯಾವ ಕಾಲೇಜು ಎಂಬುದು ಇಲ್ಲಿ ಅಡ್ಡ ಬರುವುದಿಲ್ಲ. ಅರ್ಜಿಯ ಕೊನೆಯ ದಿನ ಅಕ್ಟೋಬರ್–ನವೆಂಬರ್ ಸುಮಾರಿಗೆ ಬೀಳುತ್ತದೆ, ವರ್ಷವರ್ಷಕ್ಕೆ ಒಂದೆರಡು ವಾರ ಹಿಂದುಮುಂದೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಅಲ್ಲಿನ ‘ಪ್ರಾಜೆಕ್ಟ್ ಓರಿಯೆಂಟೆಡ್ ಕೆಮಿಕಲ್ ಎಜುಕೇಶನ್’, ಚಿಕ್ಕದಾಗಿ ಪೋಸ್. ರಸಾಯನಶಾಸ್ತ್ರ ಓದುವ ಬೆರಳೆಣಿಕೆಯ ವಿದ್ಯಾರ್ಥಿಗಳನ್ನು ಪದವಿಯ ಆರಂಭದಲ್ಲೇ ಆರಿಸಿಕೊಂಡು ಮೂರು ಬೇಸಿಗೆ ಸತತವಾಗಿ ಕರೆಸಿ, ಕೊನೆಗೆ ಡಿಪ್ಲೊಮಾ ಕೊಡುವ ಯೋಜನೆ. ಮೊದಲ ಬೇಸಿಗೆ ‘ಎಳಸು’ ಎನ್ನಿಸಿಕೊಳ್ಳದ ಅಪರೂಪದ ಜಾಗಗಳಲ್ಲಿ ಇದೊಂದು. ಇನ್ನೊಂದು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಪದವಿ ವಿದ್ಯಾರ್ಥಿಗಳಿಗೆಂದೇ ನಡೆಸುವ ಎನ್‌ಐಯುಎಸ್. 2004ರಲ್ಲಿ ಶುರುವಾದ ಇದರಲ್ಲಿ ಮೊದಲು ಶಿಬಿರ, ಅಲ್ಲಿ ಕಂಡ ಚುರುಕಿನ ಮೇಲೆ ಮುಂದೆ ಪ್ರಾಜೆಕ್ಟ್. ಮೊದಲ ವರ್ಷದವರು ನವೆಂಬರ್‌ವರೆಗೂ ಕಾಯದೆ ಈ ಎರಡರ ಪ್ರಕಟಣೆಯ ಮೇಲೆ ಕಣ್ಣಿಟ್ಟಿರಬೇಕು.

ತಡವಾಗಿ ಎಚ್ಚೆತ್ತವರಿಗೆ ಫೆಬ್ರುವರಿ–ಮಾರ್ಚ್ ಸುಮಾರಿಗೆ ಅರ್ಜಿ ಕರೆಯುವ ಐಐಟಿ ಗಾಂಧಿನಗರದಂಥ ಸಂಸ್ಥೆಗಳಿವೆ. ಅಲ್ಲಿ ವಾರಕ್ಕೆ 2,000 ರೂಪಾಯಿಯಂತೆ ಎಂಟು ವಾರ ಕೊಡುತ್ತಾ ಬಂದಿದ್ದಾರೆ. ಬೇರೆ ಕೆಲವು ಐಐಟಿಗಳ ಬೇಸಿಗೆ ಯೋಜನೆಗಳು ಬಿ.ಟೆಕ್ ಮೂರನೇ ವರ್ಷ ಅಥವಾ ಎಂ.ಎಸ್‌ಸಿ ಮೊದಲ ವರ್ಷದವರಿಗೆ ಮಾತ್ರ. ಬಿ.ಎಸ್‌ಸಿಯವರು ಇಡೀ ಅರ್ಜಿ ತುಂಬಿ ಕೊನೆಯ ಪುಟದಲ್ಲಿ ಇದನ್ನು ಕಂಡುಕೊಳ್ಳುತ್ತಾರೆ. ಕೇಂದ್ರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಪ್ರಯೋಗಾಲಯಗಳಲ್ಲಿ ಬೇಸಿಗೆ ಕೆಲಸಕ್ಕೆ ಅವಕಾಶವಿದೆ. ಆದರೆ ಅಲ್ಲಿ ಹಲವೆಡೆ ಸ್ಟೈಪೆಂಡ್ ಇಲ್ಲ, ಕೆಲವೆಡೆ ನೀವೇ ತರಬೇತಿ ಶುಲ್ಕ ಕಟ್ಟಬೇಕು. ಕೇಳಿಕೊಂಡೇ ಹೋಗಿ.

ವಿದೇಶದ ಯೋಜನೆಗಳ ಹೆಸರುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಧಾರಾಳವಾಗಿ ಓಡಾಡುತ್ತವೆ, ಅರ್ಹತೆಯ ಸಾಲು ಮಾತ್ರ ಓಡಾಡುವುದಿಲ್ಲ. ಜರ್ಮನಿಯ ಬೇಸಿಗೆ ಸಂಶೋಧನಾ ಯೋಜನೆ ಡಾಡ್ ರೈಸ್ (DAAD RISE) ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್‌ನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರಿಗೆ. ಹುಬ್ಬಳ್ಳಿಯ ಕಾಲೇಜಿನಿಂದ ಅದಕ್ಕೆ ಅರ್ಜಿ ಹಾಕಲಾಗದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಹಣದಿಂದ ನಡೆಯುವ ಆರ್‌ಇಯು ಬೇಸಿಗೆ ಯೋಜನೆ ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಪೋಷಕರ ಕೆಲಸದ ವೀಸಾಕ್ಕೆ ಜೋಡಿಕೊಂಡ ಎಚ್–4 ವೀಸಾದಲ್ಲಿ ಅಲ್ಲೇ ಬೆಳೆದು ಅಲ್ಲೇ ಕೆಮಿಸ್ಟ್ರಿ ಓದುತ್ತಿರುವ ಕನ್ನಡಿಗರ ಮಕ್ಕಳಿಗೂ ಆ ಬಾಗಿಲು ಮುಚ್ಚಿದೆ. ಅವರಿಗೆ ವಾಸ್ತವದಲ್ಲಿ ಡಾಡ್ ರೈಸ್ ಉತ್ತಮ ದಾರಿ. ಇಲ್ಲಿಂದ ಅರ್ಜಿ ಹಾಕಬಹುದಾದದ್ದು ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್, ಹನ್ನೆರಡು ವಾರದ್ದು. ಇಂಟರ್ನ್‌ಶಿಪ್‌ನ ನಂತರ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್ ಬಾಕಿ ಇರಬೇಕು ಎಂಬುದು ಷರತ್ತು. ಮೂರು ವರ್ಷದ ಬಿ.ಎಸ್‌ಸಿಯವರಿಗೆ ಇದು ಕೂಡುವುದು ನಾಲ್ಕನೇ ಸೆಮಿಸ್ಟರ್ ನಂತರ ಮಾತ್ರ, ಅರ್ಜಿ ಅದರ ಹಿಂದಿನ ಸೆಪ್ಟೆಂಬರ್‌ಗೆ. ಅಂದರೆ ಎರಡನೇ ವರ್ಷದ ತರಗತಿ ಶುರುವಾಗುವ ಹೊತ್ತಿಗೇ ಅರ್ಜಿ ಸಿದ್ಧವಿರಬೇಕು.

ಪರೀಕ್ಷೆ ಜುಲೈಗೆ, ಫೆಲೋಶಿಪ್ ಮೇಗೆ

ಈ ಯೋಜನೆಗಳೆಲ್ಲ ಮೇ ಮಧ್ಯದಿಂದ ಜುಲೈ ಮಧ್ಯದವರೆಗೆ ವಿದ್ಯಾರ್ಥಿ ಪುರುಸೊತ್ತಾಗಿರುತ್ತಾನೆ ಎಂದುಕೊಂಡಿವೆ. ಐಐಟಿ, ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳ ಮಟ್ಟಿಗೆ ಅದು ನಿಜ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ, ಅದರಲ್ಲೂ ಕೋವಿಡ್ ನಂತರ, ಸಮ ಸೆಮಿಸ್ಟರಿನ ಪರೀಕ್ಷೆಗಳು ಜೂನ್ ದಾಟಿ ಎಳೆದಾಡಿದ್ದನ್ನು ಎಲ್ಲರೂ ನೋಡಿದ್ದಾರೆ. ಫೆಲೋಶಿಪ್ ಸಿಕ್ಕಿ, ರೈಲು ಟಿಕೆಟ್ ಮಾಡಿಸಿದ ಮೇಲೆ ಪ್ರಾಯೋಗಿಕ ಪರೀಕ್ಷೆಯ ವೇಳಾಪಟ್ಟಿ ಹೊರಬಿದ್ದರೆ ವಿದ್ಯಾರ್ಥಿ ಏನು ಮಾಡಬೇಕು?

ಹೆಚ್ಚಿನವರು ಮುಜುಗರಪಟ್ಟು ಫೆಲೋಶಿಪ್ಪನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಮಾರ್ಗದರ್ಶಕರು ಒಪ್ಪಿದರೆ ಶುರುವಿನ ದಿನ ಮುಂದೂಡಲು ಬಹುತೇಕ ಕಡೆ ಅವಕಾಶವಿರುತ್ತದೆ. ಆದರೆ ಕೇಳುವ ಹೊತ್ತು ಮುಖ್ಯ. ಆಯ್ಕೆಯ ಪತ್ರ ಬಂದ ವಾರವೇ ವಿಶ್ವವಿದ್ಯಾಲಯದ ಕ್ಯಾಲೆಂಡರ್ ಆಫ್ ಈವೆಂಟ್ಸ್ ಲಗತ್ತಿಸಿ, ‘ಪರೀಕ್ಷೆ ಜುಲೈ ಮೊದಲ ವಾರದವರೆಗೆ ಹೋಗಬಹುದು, ಹಾಗಾದರೆ ಆಗಸ್ಟ್ ಕೊನೆಯವರೆಗೆ ಎಂಟು ವಾರ ಮಾಡಲು ಅನುಮತಿ ಸಿಗುವುದೇ’ ಎಂದು ಬರೆಯಬೇಕು. ಮೇ 20ರಂದು ಬರೆದರೆ ಆ ಹೊತ್ತಿಗೆ ಹಾಸ್ಟೆಲ್ ಕೋಣೆಯೂ ಬೆಂಚೂ ಬೇರೆಯವರಿಗೆ ಹೋಗಿರುತ್ತವೆ. ಆಗಸ್ಟ್‌ನಲ್ಲಿ ಐದನೇ ಸೆಮಿಸ್ಟರ್ ಶುರುವಾಗಿದ್ದರೆ ಹಾಜರಾತಿಗೆ ಪ್ರಾಂಶುಪಾಲರಿಂದ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಬಾಯಿ ಮಾತಿನ ‘ಆಯ್ತು ಹೋಗಮ್ಮ’ ಹಾಜರಾತಿ ಕೊರತೆಯ ಪಟ್ಟಿ ಬಂದಾಗ ನೆರವಿಗೆ ಬರುವುದಿಲ್ಲ.

ಇನ್ನೂರು ಪದ, ಒಂದು ಪತ್ರ

ಅಂಕಪಟ್ಟಿ ನಿಮ್ಮನ್ನು ರಾಶಿಯೊಳಗೆ ಸೇರಿಸುತ್ತದೆ, ರಾಶಿಯಿಂದ ಎತ್ತುವುದು ಬರಹ. ಅರ್ಜಿಗಳನ್ನು ಓದುವವರ ಮುಂದೆ ಬರುವ ಸಾಲು ಬಹುತೇಕ ಹೀಗಿರುತ್ತದೆ: ‘ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ. ನ್ಯಾನೊತಂತ್ರಜ್ಞಾನದಲ್ಲಿ ಸಂಶೋಧನೆ ಮಾಡಿ ದೇಶಕ್ಕೆ ಕೊಡುಗೆ ನೀಡುವುದು ನನ್ನ ಕನಸು.’ ಇದರಲ್ಲಿ ರಸಾಯನಶಾಸ್ತ್ರ ಒಂದು ಹನಿಯೂ ಇಲ್ಲ. ಇದರ ಬದಲಿಗೆ ಇದನ್ನು ನೋಡಿ:

‘ಮೀಥೈಲ್ ಅಸಿಟೇಟಿನ ಆಮ್ಲೀಯ ಜಲವಿಚ್ಛೇದನೆಯ ಪ್ರಯೋಗದಲ್ಲಿ ನಮ್ಮ ಗ್ರಾಫ್‌ನ ಮೊದಲ ಎರಡು ಬಿಂದುಗಳು ಸರಳರೇಖೆಯ ಮೇಲೆ ಬೀಳಲಿಲ್ಲ. ಪಿಪೆಟ್ಟಿನಿಂದ ತೆಗೆದ 5 ಮಿ.ಲೀ. ಮಿಶ್ರಣವನ್ನು ಮಂಜುಗಡ್ಡೆಯ ನೀರಿಗೆ ಹಾಕುವುದು ತಡವಾಗಿ, ಟೈಟ್ರೇಶನ್ ಮುಗಿಯುವವರೆಗೂ ಕ್ರಿಯೆ ನಡೆಯುತ್ತಲೇ ಇತ್ತು ಎಂದು ಅನುಮಾನ. ಎರಡನೇ ಬಾರಿ ಮಂಜುಗಡ್ಡೆ ಮೊದಲೇ ಸಿದ್ಧವಿಟ್ಟುಕೊಂಡು ಮಾಡಿದಾಗ ರೇಖೆ ಸರಿಯಾಯಿತು. ಕ್ರಿಯೆಯನ್ನು ನಿಲ್ಲಿಸದೆಯೇ ಅದರ ವೇಗ ಅಳೆಯುವ ವಿಧಾನಗಳನ್ನು ಕಲಿಯಬೇಕೆಂದಿದ್ದೇನೆ.’

ಯಾವ ದುಬಾರಿ ಉಪಕರಣವೂ ಇಲ್ಲದ ಕಾಲೇಜಿನ ವಿದ್ಯಾರ್ಥಿಯೂ ಇದನ್ನು ಬರೆಯಬಹುದು, ಏಕೆಂದರೆ ಈ ಪ್ರಯೋಗ ಹಲವು ಬಿ.ಎಸ್‌ಸಿ ರೆಕಾರ್ಡ್ ಪುಸ್ತಕಗಳಲ್ಲಿ ಇದ್ದೇ ಇದೆ. ತಪ್ಪನ್ನು ಗಮನಿಸಿ ಕಾರಣ ಹುಡುಕಿದ್ದು, ಮತ್ತೆ ಮಾಡಿ ನೋಡಿದ್ದು ಕಾಣಿಸುತ್ತದೆ. ಪ್ರಯೋಗಾಲಯಕ್ಕೆ ಬೇಕಾದದ್ದು ಆ ಗುಣವೇ. ಹೊಸತಾಗಿ ಬರುವ ಹುಡುಗನಿಗೆ ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಗೊತ್ತಿರಲಿ ಎಂದು ಯಾರೂ ಬಯಸುವುದಿಲ್ಲ. ರೀಡಿಂಗ್ ತಿದ್ದದೆ ಬರೆದಿಡುವವನಾಗಿರಲಿ ಎಂದು ಎಲ್ಲರೂ ಬಯಸುತ್ತಾರೆ.

ಶಿಫಾರಸು ಪತ್ರದ್ದೂ ಇದೇ ಪಾಡು. ‘ಶ್ರಮಜೀವಿ, ಪ್ರಾಮಾಣಿಕ, ವಿನಯವಂತ’ ಎಂಬ ಮೂರು ಪದಗಳ ಪತ್ರ ಬರೆಯುವುದು ಶಿಕ್ಷಕರ ಸೋಮಾರಿತನವೇ ಎನ್ನಲಾಗದು. ನೂರಾರು ಮಕ್ಕಳಿಗೆ ಪಾಠ ಮಾಡುವವರಿಗೆ ಒಬ್ಬೊಬ್ಬರ ನೆನಪು ಹೇಗಿದ್ದೀತು? ನೀವೇ ಅರ್ಧ ಪುಟ ಬರೆದು ಕೊಡಿ: ಯಾವ ಪ್ರಯೋಗ, ಯಾವ ಸೆಮಿನಾರ್ ವಿಷಯ, ತರಗತಿಯಲ್ಲಿ ಕೇಳಿದ ಯಾವ ಪ್ರಶ್ನೆ, ಆಂತರಿಕ ಅಂಕ. ಕೊನೆಯ ದಿನಕ್ಕೆ ಮೂರು ವಾರ ಮೊದಲು ಕೊಡಿ. ಪತ್ರ ಸಲ್ಲಿಕೆಯಾಗದ ಅರ್ಜಿ ಅಪೂರ್ಣ ಅರ್ಜಿ. ಕೊನೆಯ ರಾತ್ರಿ ಸರ್ವರ್ ಕೈಕೊಟ್ಟದ್ದಕ್ಕೆ ವಿನಾಯಿತಿ ಸಿಗುವುದಿಲ್ಲ.

ಪ್ರಾಧ್ಯಾಪಕರಿಗೆ ನೇರವಾಗಿ ಮೇಲ್ ಬರೆಯುವವರು ‘ರೆಸ್ಪೆಕ್ಟೆಡ್ ಸರ್ ಅಥವಾ ಮೇಡಂ’ ಎಂಬ ಒಂದೇ ಒಕ್ಕಣೆಯನ್ನು ಇನ್ನೂರು ಜನಕ್ಕೆ ಕಳಿಸುವುದನ್ನು ನಿಲ್ಲಿಸಿದರೆ ಎರಡೂ ಕಡೆಯವರ ಸಮಯ ಉಳಿದೀತು. ಒಬ್ಬರಿಗೆ ಒಂದು ಮೇಲ್, ಹನ್ನೆರಡು ಸಾಲು ಮೀರದಂತೆ. ಅವರ ಇತ್ತೀಚಿನ ಒಂದು ಲೇಖನದಿಂದ ನಿಮಗೆ ಅರ್ಥವಾದ ಒಂದು ಸಂಗತಿ, ಅರ್ಥವಾಗದ ಒಂದು ಪ್ರಶ್ನೆ, ನಿಮಗೆ ಬಿಡುವಿರುವ ದಿನಾಂಕಗಳು, ಅಂಕಪಟ್ಟಿಯ ಪಿಡಿಎಫ್. ಇನ್‌ಸ್ಪೈರ್ ಇದ್ದರೆ ಮೂರನೇ ಸಾಲಿನಲ್ಲೇ ಹೇಳಿ: ‘ಬೇಸಿಗೆ ಯೋಜನೆಗೆ ನನಗೆ ಇನ್‌ಸ್ಪೈರ್ ಅನುದಾನವಿದೆ, ನಿಮ್ಮಿಂದ ಸ್ಟೈಪೆಂಡ್ ನಿರೀಕ್ಷಿಸುವುದಿಲ್ಲ.’ ಹಣ ಎಲ್ಲಿಂದ ತರುವುದು ಎಂಬ ಚಿಂತೆ ಅಲ್ಲಿಗೇ ಮುಗಿಯುವುದರಿಂದ ‘ಹೂಂ’ ಎನ್ನುವುದು ಸುಲಭವಾಗುತ್ತದೆ. ಹತ್ತು ದಿನ ಉತ್ತರ ಬಾರದಿದ್ದರೆ ಒಂದು ನೆನಪೋಲೆ ಸಾಕು.

ನಲವತ್ತು ದಿನದ ಲೆಕ್ಕ

ಎಂಟು ವಾರವೆಂದರೆ ಕೆಲಸದ ದಿನ ನಲವತ್ತು. ಗುರುತಿನ ಚೀಟಿ, ಸುರಕ್ಷತಾ ತರಬೇತಿ, ಗಾಜಿನ ಸಾಮಾನು ತೊಳೆಯುವುದನ್ನು ಕಲಿಯುವುದಕ್ಕೆ ಐದು ದಿನ. ವರದಿಗೆ ಐದು ದಿನ. ಉಳಿದ ಮೂವತ್ತರಲ್ಲಿ ಬೇಕಾದ ರಾಸಾಯನಿಕ ಕಪಾಟಿನಲ್ಲಿಲ್ಲದೆ ಇಂಡೆಂಟ್ (ಖರೀದಿ ಕೋರಿಕೆ) ಹಾಕಬೇಕಾಗಿ ಬಂದರೆ ಎರಡು ವಾರ ಹೋದಂತೆ. ಹಾಗಾಗಿ ಬೇಸಿಗೆ ಪ್ರಾಜೆಕ್ಟ್ ಮಾತಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಬೇಕಾದದ್ದೆಲ್ಲ ಲ್ಯಾಬ್‌ನಲ್ಲಿ ಇದೆಯೇ’ ಎಂಬುದು.

ಪದವಿ ವಿದ್ಯಾರ್ಥಿಗಳಿಗೆ ಪದೇ ಪದೇ ಸಿಗುವ ಪ್ರಾಜೆಕ್ಟ್ ಒಂದಿದೆ: ಝಿಂಕ್ ಆಕ್ಸೈಡ್ ನ್ಯಾನೊಕಣ ತಯಾರಿಸಿ, ಬೆಳಕಿನಲ್ಲಿ ಮೀಥಿಲೀನ್ ಬ್ಲೂ ಬಣ್ಣವನ್ನು ಒಡೆಯುವುದು. ಅಗ್ಗ, ಬಣ್ಣ ಮಾಯವಾಗುವುದು ಕಣ್ಣಿಗೇ ಕಾಣುತ್ತದೆ, ದ್ರಾವಣ ಹೀರುವ ಬೆಳಕನ್ನು ಅಳೆಯುವ ಯುವಿ–ವಿಸಿಬಲ್ ಉಪಕರಣ ಒಂದಿದ್ದರೆ ಸಾಕು. ಕೆಡುವುದೂ ಇಲ್ಲೇ. ಲೀಟರಿಗೆ 10 ಮಿ.ಗ್ರಾಂ. ದ್ರಾವಣ ಮಾಡಿ ನೇರ ಉಪಕರಣದ ಪುಟ್ಟ ಪಾತ್ರೆಗೆ, ಅಂದರೆ ಕ್ಯುವೆಟ್ಟಿಗೆ, ಸುರಿಯುತ್ತಾರೆ. ಅದರ ಸಾಂದ್ರತೆ ಸುಮಾರು 3.1 × 10⁻⁵ ಮೋಲಾರ್. 664 ನ್ಯಾನೊಮೀಟರ್‌ನಲ್ಲಿ ಮೀಥಿಲೀನ್ ಬ್ಲೂವಿನ ಮೋಲಾರ್ ಹೀರಿಕೆ 74,000ದ ಆಸುಪಾಸು ಎಂದಿಟ್ಟುಕೊಂಡರೆ ಅಬ್ಸಾರ್ಬೆನ್ಸ್ (ಬೆಳಕು ಹೀರಿಕೆಯ ಅಳತೆ) 2.3 ಆಗುತ್ತದೆ. ಕಾಲೇಜು ಮಟ್ಟದ ಉಪಕರಣಗಳು 2ರ ಮೇಲೆ ನಂಬಿಕೆಗೆ ಅರ್ಹವಲ್ಲ. ಬಣ್ಣ ನಿಜವಾಗಿ ಕಡಿಮೆಯಾದರೂ ಮೊದಲ ಕೆಲವು ರೀಡಿಂಗ್ ಅಲ್ಲಾಡುವುದಿಲ್ಲ. ‘ಕ್ರಿಯೆ ನಿಧಾನವಾಗಿ ಶುರುವಾಗುತ್ತದೆ’ ಎಂದು ವರದಿಯಲ್ಲಿ ಬರೆದುಬಿಡುತ್ತಾರೆ. ಲೀಟರಿಗೆ 3 ಮಿ.ಗ್ರಾಂ. ಸಾಕು, ಅಬ್ಸಾರ್ಬೆನ್ಸ್ 0.7ರ ಹತ್ತಿರ ಬರುತ್ತದೆ.

ಅದಕ್ಕಿಂತ ದೊಡ್ಡ ತಪ್ಪು, ಕಣಗಳನ್ನು ಹಾಕಿದ ತಕ್ಷಣ ದೀಪ ಹೊತ್ತಿಸುವುದು. ಬಣ್ಣ ಕಣದ ಮೇಲ್ಮೈಗೆ ಅಂಟಿಕೊಂಡರೂ ದ್ರಾವಣ ತಿಳಿಯಾಗುತ್ತದೆ. ಅದು ಒಡೆಯುವುದಲ್ಲ, ಬರೀ ಹೀರುವುದು. ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕುತ್ತಾ ಬಿಟ್ಟು, ಅಲ್ಲಿಂದ ಶೂನ್ಯ ಸಮಯ ಎಣಿಸಬೇಕು. ಕಣಗಳಿಲ್ಲದೆ ಬರೀ ಬೆಳಕಿನಲ್ಲಿ, ಬೆಳಕಿಲ್ಲದೆ ಬರೀ ಕಣಗಳೊಂದಿಗೆ, ಹೀಗೆ ಎರಡು ಹೋಲಿಕೆ ಪ್ರಯೋಗ ಬೇಕು. ಅಳೆಯುವ ಮೊದಲು ಸೆಂಟ್ರಿಫ್ಯೂಜ್ ಮಾಡದಿದ್ದರೆ ತೇಲುವ ಕಣಗಳು ಬೆಳಕು ಚದುರಿಸಿ ರೀಡಿಂಗ್ ಏರಿಸುತ್ತವೆ. ಇಷ್ಟನ್ನು ಸರಿಯಾಗಿ ಮಾಡಿದ ಹತ್ತು ಪುಟದ ವರದಿ ಎಂ.ಎಸ್‌ಸಿ ಸಂದರ್ಶನದಲ್ಲಿ ನಿಮ್ಮ ಪರ ಮಾತಾಡುತ್ತದೆ. ಕತ್ತಲ ಹೋಲಿಕೆಯಿಲ್ಲದ, ಇಪ್ಪತ್ತು ಬಣ್ಣದ ಚಿತ್ರಗಳ ವರದಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ದೂರದ ಬೆಂಗಳೂರು, ಹತ್ತಿರದ ಧಾರವಾಡ

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಸಂಸ್ಥೆಯ ಹಾಸ್ಟೆಲ್ ಸಿಗದೆ ಬೆಂಗಳೂರಿನ ಪಿಜಿಯಲ್ಲಿ ಉಳಿದರೆ ಊಟ ಸೇರಿ ತಿಂಗಳಿಗೆ ಎಂಟು–ಹತ್ತು ಸಾವಿರ, ಮೇಲೆ ಮುಂಗಡ. ಫೆಲೋಶಿಪ್ ಹಣ ಮೊದಲ ದಿನವೇ ಕೈಗೆ ಬರುವುದಿಲ್ಲ. ಇನ್‌ಸ್ಪೈರ್‌ನ 20,000 ಅಂತೂ ವರದಿ ಕೊಟ್ಟ ಮೇಲಿನ ಮಾತು. ಹದಿನೈದು ಸಾವಿರವನ್ನಾದರೂ ಮೊದಲೇ ಹೊಂದಿಸಿಕೊಳ್ಳಬೇಕು. ಸ್ಟೈಪೆಂಡ್ ಇದೆಯೆಂದು ಹೊರಟು ಮೂರನೇ ವಾರಕ್ಕೆ ವಾಪಸ್ ಬರುವವರ ಸಮಸ್ಯೆ ಇದೇ.

ಬಡ ಮನೆಯ ವಿದ್ಯಾರ್ಥಿಗೆ ಈ ಕಾರಣಕ್ಕೇ ಹತ್ತಿರದ ದಾರಿ ಹೆಚ್ಚು ಹೊಂದುತ್ತದೆ. ಇನ್‌ಸ್ಪೈರ್ ಯೋಜನೆಯನ್ನು ಮಾನ್ಯ ಸಂಸ್ಥೆಯ ಸಕ್ರಿಯ ಸಂಶೋಧಕರ ಬಳಿ ಮಾಡಬಹುದು, ಐಐಎಸ್‌ಸಿಯೇ ಆಗಬೇಕೆಂದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರ ಮಾದರಿಗಳನ್ನೂ ಶುಲ್ಕಕ್ಕೆ ಪರೀಕ್ಷಿಸಿಕೊಡುವ ಸೈಫ್ ಕೇಂದ್ರವಿದೆ. ಮೈಸೂರಿನ ಮಾನಸಗಂಗೋತ್ರಿಯ ವಿಜ್ಞಾನ ಭವನದಲ್ಲೂ ದೊಡ್ಡ ಉಪಕರಣಗಳಿವೆ. ದೇಶದ ಯಾವ ಉಪಕರಣ ಎಲ್ಲಿದೆ ಎಂದು ಹುಡುಕಲು ಐ–ಸ್ಟೆಮ್ ಪೋರ್ಟಲ್ ಇದೆ. ಗದಗಿನ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿದ್ದುಕೊಂಡು, ತನ್ನದೇ ಕಾಲೇಜಿನ ಪಿಎಚ್.ಡಿ ಆದ ಅಧ್ಯಾಪಕರ ಕೈಕೆಳಗೆ ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅನಿಲೀನ್‌ನಿಂದ ಶಿಫ್ ಬೇಸ್ ಎಂಬ ಸಂಯುಕ್ತ ತಯಾರಿಸಿ, ಮರುಸ್ಫಟಿಕೀಕರಿಸಿ, ಕರಗುವ ಬಿಂದು ನೋಡಿ, ಮಾದರಿಯನ್ನಷ್ಟೇ ಧಾರವಾಡಕ್ಕೆ ಒಯ್ಯಬಹುದು. ಪ್ರೋಟಾನ್ ಎನ್‌ಎಂಆರ್‌ಗೆ 5ರಿಂದ 10 ಮಿ.ಗ್ರಾಂ. ಸಾಕು, ಒಣಗಿರಬೇಕು ಅಷ್ಟೆ. ಎಥನಾಲ್ ಉಳಿದಿದ್ದರೆ ನಿಮ್ಮ ವಸ್ತುವಿಗಿಂತ ಅದರ ಸಂಕೇತವೇ ಎದ್ದು ಕಾಣುತ್ತದೆ. ಮಾದರಿ ಕಳಿಸುವ ಮುನ್ನ ಸರತಿ ಎಷ್ಟು ದಿನದ್ದೆಂದು ಫೋನ್ ಮಾಡಿ ಕೇಳಿ. ಜೂನ್‌ನಲ್ಲಿ ಎಂ.ಎಸ್‌ಸಿ ಪ್ರಾಜೆಕ್ಟುಗಳ ಮಾದರಿಗಳೂ ಅದೇ ಸಾಲಿನಲ್ಲಿ ನಿಂತಿರಬಹುದು.

ಕೆಲಸ ಎಲ್ಲೇ ಆಗಲಿ, ಕೊನೆಯ ದಿನ ಲ್ಯಾಬ್ ಬಿಡುವ ಮುನ್ನ ನಾಲ್ಕು ಕಾಗದ ಕೈಯಲ್ಲಿರಬೇಕು: ವರದಿಯ ಸಹಿ ಮಾಡಿದ ಮೊದಲ ಪುಟ, ಶುರು ಮತ್ತು ಮುಗಿದ ದಿನಾಂಕ ಬರೆದ ಪ್ರಮಾಣಪತ್ರ, ಮಾರ್ಗದರ್ಶಕರ ಹೆಸರು–ಹುದ್ದೆಯ ಸೀಲ್, ಹಾಜರಾತಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಲಿ, ಇನಿಷಿಯಲ್ ಹಿಂದುಮುಂದಾದರೂ ಪೋರ್ಟಲ್ ತಕರಾರು ತೆಗೆಯುತ್ತದೆ. ಮಾರ್ಗದರ್ಶಕರು ಜುಲೈ ಕೊನೆಗೆ ವಿದೇಶದ ಸಮ್ಮೇಳನಕ್ಕೆ ಹೋದರೆ ಆ ಒಂದು ಸೀಲಿಗಾಗಿ ಸೆಪ್ಟೆಂಬರ್‌ವರೆಗೆ ಕಾಯಬೇಕಾದೀತು. ಅಷ್ಟೊತ್ತಿಗೆ ಮುಂದಿನ ಬ್ಯಾಚಿನವರು ಅರ್ಜಿ ತುಂಬುತ್ತಿರುತ್ತಾರೆ.